ಹದಿನಾಲ್ಕು ಹೋಗದು, ಹದಿನೈದು ಹಿಡಿಯದು

“ಸುಳ್ಳು ಅನ್ನೋದಿದ್ರ ಅನ್ನು, ಆದ್ರ ಹಂಗ ನಕ್ಕೋತ ಅನಬ್ಯಾಡ. ಮದುಮಗನ ಚೂರಿಲಿಂದ ಟ್ರ್ಯಾಕ್ಟರ್ ಚಾಲೂ ಆಗಿದ್ದು ಖರೇ ಅದ. ಸ್ಟೇರಿಂಗ್ ಮುಂದ ಕುಂತಾಂವ ನಾನೇ ಇದ್ದೆ!”

ಹೀಗೆ ಎಷ್ಟು ಸಲ ಹೇಳಿದರೂ ನೀನು ಒಪ್ಪುವವನಲ್ಲ. ಈ ಪೀರಪ್ಪನ ಮಾತಿನಲ್ಲಿ ಕಾಳಿಗಿಂತ ಹೊಟ್ಟು ಹೆಚ್ಚು ಎನ್ನುತ್ತೀ. ಇರಲಿ, ತೂರಿಕೊಂಡು ತಗೋ. ಭೀಮಾ ಹೊಳೆಯ ಮೊಸಳೆ ನನ್ನ ಬೀಡಿಗೆ ಬೆಂಕಿ ಕೊಟ್ಟಿತ್ತು ಎಂದಿದ್ದೆನಲ್ಲ, ಅದು ಸುಳ್ಳು. ಬೀಡಿ ಅಲ್ಲ, ಚುಟ್ಟಾ. ಆದರೆ ಇದು ಲಾಡ್ಲೆಸಾಬನ ಕಥೆ, ಇದರಲ್ಲಿ ಹೊಟ್ಟು ಬೆರೆಸಲು ನನಗೆ ಮನಸ್ಸು ಬಾರದು.

ಅಫಜಲಪುರದ ಬೇವಿನ ಗಿಡದ ಕೆಳಗೆ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಟ್ರ್ಯಾಕ್ಟರ್ ಬಿಚ್ಚುತ್ತಿದ್ದ ಮಿಸ್ತ್ರಿಯನ್ನು ನೀನೂ ನೋಡಿರಬೇಕು. ಅವನೇ ಲಾಡ್ಲೆಸಾಬ. ಅವನು ಮೊದಲು ಬಂದಾಗ ಎಂಬತ್ತರ ದಶಕ ಇನ್ನೂ ಎಳೆಯದು, ಅವನ ಮೀಸೆಯೂ ಎಳೆಯದು.

ಅವನು ಕೆಲಸ ಕಲಿತದ್ದು ಆಳಂದ ತಾಲೂಕಿನ ಖಜೂರಿಯಲ್ಲಿ. ಅದು ಮಹಾರಾಷ್ಟ್ರದ ಗಡಿ, ದಿನವಿಡೀ ಲಾರಿಗಳ ಓಡಾಟ. ಅಲ್ಲಿ ಬುರಾನುದ್ದೀನ ಎಂಬ ಉಸ್ತಾದ. ಗಡಿಯಾಚೆಯ ಉಮರ್ಗಾದಲ್ಲಿ ಲಾರಿ ಕೆಮ್ಮಿದರೆ ಈತ ಖಜೂರಿಯಲ್ಲಿ ಕುಳಿತೇ ನಟ್ಟು ಬಿಚ್ಚುವ ಪಾನಾ ಒರೆಸಿಟ್ಟುಕೊಳ್ಳುತ್ತಿದ್ದನಂತೆ. ನಗಬೇಡ, ಲಾಡ್ಲೆಸಾಬ ಹೇಳಿದ್ದನ್ನೇ ಹೇಳುತ್ತಿದ್ದೇನೆ. ಒಂದಿಷ್ಟು ನಾನೂ ಸೇರಿಸಿದ್ದೇನೆ.

ಆ ಅಂಗಡಿಯಲ್ಲಿ ಒಂದು ರಿವಾಜಿತ್ತು. ಕೆಲಸ ಕಲಿತು ಹೊರಡುವ ಶಾಗಿರ್ದನ ಮುಂದೆ ಉಸ್ತಾದ ತನ್ನ ಹಳೆಯ ಸಾಮಾನುಗಳನ್ನೆಲ್ಲ ಹರಡುತ್ತಿದ್ದ. ಬೇಕಾದ್ದನ್ನು ಆರಿಸಿ ಗೋಣಿಚೀಲಕ್ಕೆ ತುಂಬಿಕೊಳ್ಳಬಹುದು. ಆದರೆ ಚೀಲ ಹೆಗಲಿಗೇರಿದ ಮೇಲೆ ಬಸ್ಸು ನಿಲ್ಲುವ ಜಾಗದ ತನಕ ನೆಲ ಮುಟ್ಟಬಾರದು. ಮುಟ್ಟಿತೋ, ಚೀಲ ವಾಪಸ್ಸು. ಶಾಗಿರ್ದನೂ ವಾಪಸ್ಸು, ಮತ್ತೆ ಚಹಾ ತರುವ ಕೆಲಸಕ್ಕೆ.

ಲಾಡ್ಲೆಸಾಬ ಒಂದಿಡೀ ದಿನ ತುಂಬಿದ, ಎತ್ತಿ ನೋಡಿದ, ಸುರಿದ. ಜಾಕು ಬಿಟ್ಟರೆ ಗಾಡಿಯ ಕೆಳಗೆ ಹೋಗುವುದು ಹೇಗೆ? ಇಟ್ಟುಕೊಂಡರೆ ಚೀಲ ಏಳುವುದು ಹೇಗೆ? ದೊಡ್ಡ ಸುತ್ತಿಗೆ ತೆಗೆದು ಸಣ್ಣದನ್ನು ಹಾಕಿದ. ಹಿಡಿಯಲು ಪಕ್ಕಡ್, ಕಬ್ಬಿಣ ಕಡಿಯಲು ಛನ್ನಿ, ಎರಡು ಸ್ಕ್ರೂಡ್ರೈವರ್ ಹಾಕಿದ. ಆಮೇಲೆ ಪಾನಾಗಳು: ಸಣ್ಣದರಿಂದ ದೊಡ್ಡದರ ತನಕ, ಒಂದೊಂದರ ಮೇಲೂ ಎಂಎಂ ಲೆಕ್ಕದ ಅಂಕಿ. ಕೊನೆಗೆ ಅವನ ಕೈ ಸ್ಕ್ರೂ ಪಾನಾದ ಕಡೆ ಹೋಯಿತು. ಅದರ ಬಾಯಿಯನ್ನು ತಿರುಪಿನಿಂದ ಹಿಗ್ಗಿಸಬಹುದು, ಕುಗ್ಗಿಸಬಹುದು. ಯಾವ ನಟ್ಟಾದರೂ ಹಿಡಿಯುತ್ತದೆ.

“ಅದ್ಯಾಕ?” ಎಂದ ಉಸ್ತಾದ.

“ಎಲ್ಲ್ಯಾರ ಬೇಕಾದೀತು ಅಂತ, ಉಸ್ತಾದ್.”

“ಹತ್ತು ವರ್ಷ ನನ್ನ ಹತ್ರ ಇದ್ದು ಇದನ್ನ ಹಿಡಕೊಂಡು ಹೋಗ್ತಿ? ನಟ್ಟಿನ ಮೂಲಿ ತಿಂದು ಗುಂಡಗ ಮಾಡ್ತದ ಅದು. ಅಳತಿ ಗೊತ್ತಿಲ್ದಾಂವ ಹಿಡಿಯೋ ಸಾಮಾನು.”

ಲಾಡ್ಲೆಸಾಬನ ಕಿವಿ ಕೆಂಪಾಯಿತು. ಸ್ಕ್ರೂ ಪಾನಾ ಕೆಳಗಿಟ್ಟ, ಜಾಕು ಚೀಲಕ್ಕೆ ಹಾಕಿದ. ಹೆಗಲು ಸುಲಿಯಿತು, ಆದರೆ ಚೀಲ ನೆಲ ಮುಟ್ಟಲಿಲ್ಲ. ಅದನ್ನು ಬಸ್ಸಿಗೆ ಹಾಕಿದಾಗ ಹಿಂದಿನ ಗಾಲಿ ನಿಟ್ಟುಸಿರು ಬಿಟ್ಟಿತಂತೆ. ಕಂಡಕ್ಟರ್ ಇಣುಕಿ, “ಏನಪಾ, ಲಾರಿನೇ ಬಿಚ್ಚಿ ತಂದಿಯೇನು?” ಎಂದನಂತೆ.

ಅಫಜಲಪುರದಲ್ಲಿ ರಸ್ತೆಗೆ ಹತ್ತಿದ ಗೋದಾಮು ದೌಲತರಾಯ ಗೌಡರದು. ಅದರ ಮುಂದಿನ ಬೇವಿನ ಗಿಡವೂ ಅವರದೇ. ನಾನು ಅವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದೆ. ಗಿಡದ ಕೆಳಗೆ ಕೂರಲು ಅಪ್ಪಣೆ ಕೇಳಿದ ಲಾಡ್ಲೆಸಾಬನಿಗೆ ಗೌಡರು, “ಸದ್ಯಕ್ಕ ಕುಂದ್ರು. ಮಗನ ಲಗ್ನ ಮುಗೀಲಿ, ನಿನ್ನ ಕೈ ಹ್ಯಾಂಗದ ನೋಡಿ ಆಮ್ಯಾಲ ಹೇಳ್ತೇನಿ” ಎಂದಿದ್ದರು. ಅಂದರೆ ಜಾಗ ಸಿಕ್ಕಿಯೂ ಇಲ್ಲ, ತಪ್ಪಿಯೂ ಇಲ್ಲ.

ಅವನ ಹತ್ತಿರ ಒಂದು ಗಾಡಿಯೂ ಬರಲಿಲ್ಲ. ಹೊಸಬನ ಕೈಗೆ ಯಾರು ಕೊಡುತ್ತಾರೆ? ಊರಿನ ಹಳೆಯ ಮಿಸ್ತ್ರಿ ಇದ್ದೇ ಇದ್ದ. ಲಾಡ್ಲೆಸಾಬ ಬೆಳಗ್ಗೆ ಪಾನಾ ಹರಡುತ್ತಿದ್ದ, ಒರೆಸುತ್ತಿದ್ದ, ಸಂಜೆ ಚೀಲಕ್ಕೆ ತುಂಬುತ್ತಿದ್ದ. ಒರೆಸಿ ಒರೆಸಿ ಅವು ಎಷ್ಟು ಹೊಳೆಯುತ್ತಿದ್ದವೆಂದರೆ ಬಸ್ಸಿಗೆ ಬಂದವರು ಅವುಗಳಲ್ಲಿ ಮುಖ ನೋಡಿ ತಲೆ ಬಾಚಿಕೊಂಡು ಹೋಗುತ್ತಿದ್ದರು. ನಾನೂ ಒಂದೆರಡು ಸಲ ಬಾಚಿಕೊಂಡಿದ್ದೇನೆ. ಆಗ ನನಗೆ ಕೂದಲಿತ್ತು.

ಲಗ್ನದ ದಿನ ಬಂತು. ಹೆಣ್ಣಿನ ಊರು ಭೀಮಾ ದಂಡೆಯಲ್ಲಿ, ವಧೂವರರ ಮೇಲೆ ಅಕ್ಕಿಕಾಳು ಹಾಕುವ ಮುಹೂರ್ತ ಹನ್ನೆರಡೂವರೆಗೆ. ಗೌಡರ ವಾಡೆ ಇದ್ದದ್ದು ದೂರದ ಹಳ್ಳಿಯಲ್ಲಿ. ಅಲ್ಲಿಂದ ಟ್ರ್ಯಾಲಿ ತುಂಬ ಜನ ಹೇರಿಕೊಂಡು ಹೊರಟೆ. ಮದುಮಗ ಬಸವಂತರಾಯ ಬಾಸಿಂಗ ಕಟ್ಟಿಕೊಂಡು, ಲಿಂಬೆಹಣ್ಣು ಚುಚ್ಚಿದ ಚೂರಿ ಹಿಡಿದು, ನನ್ನ ಹಿಂದೆಯೇ ಗಾದಿಯ ಮೇಲೆ ಕುಳಿತಿದ್ದ. ನಮ್ಮ ಕಡೆ ಅರಿಶಿಣ ಹಚ್ಚಿದ ಮೇಲೆ ಮದುಮಗ ಅಕ್ಕಿಕಾಳು ಬೀಳುವ ತನಕ ಆ ಚೂರಿ ಬಿಡಬಾರದು. ಕೈಯಲ್ಲಿ ಕಬ್ಬಿಣ ಇದ್ದರೆ ಗಾಳಿ ಗ್ರಹ ಹತ್ತಿರ ಸುಳಿಯುವುದಿಲ್ಲ ಎಂದು.

ಅಫಜಲಪುರ ತಲುಪಿ ಗೋದಾಮಿನ ಮುಂದೆ ಬಂದೆವು. ಟ್ರ್ಯಾಕ್ಟರ್ ಎರಡು ಸಲ ಬಿಕ್ಕಿತು. ನಿಂತಿತು.

ಟ್ರ್ಯಾಲಿಯಲ್ಲಿ ಹಲಗೆ ಬಡಿಯುತ್ತಿದ್ದವನು ಅದೂ ಲಗ್ನದ ಗತ್ತೇ ಎಂದುಕೊಂಡು ಇನ್ನೂ ಜೋರಾಗಿ ಬಾರಿಸಿದ. ಗೌಡರು ಕೈಯೆತ್ತಿ ನಿಲ್ಲಿಸಿದರು. ಹಳೆಯ ಮಿಸ್ತ್ರಿಯ ಬಾಗಿಲಿಗೆ ಆಳು ಓಡಿದ. ಮಿಸ್ತ್ರಿ ಜೇವರ್ಗಿಗೆ ಹೋಗಿದ್ದ. ಬೇರೆ ಟ್ರ್ಯಾಕ್ಟರ್ ಇಲ್ಲ, ಅವತ್ತು ಊರಿಗೊಂದು ಲಗ್ನ. ಆ ಕಡೆಯ ಬಸ್ಸು ಆಗಲೇ ಹೋಗಿತ್ತು. ಗೌಡರು ತಿರುಗಿ ಬೇವಿನ ಗಿಡದ ಕಡೆ ನೋಡಿದರು.

“ಲೇ ಖಜೂರಿ! ಬಾ ಇಲ್ಲಿ. ಇವತ್ತೇ ನಿನ್ನ ಕೈ ನೋಡ್ತೇನಿ. ಗಾಡಿ ಹೊಂಟರ ಗಿಡ ನಿಂದು, ಹೊರಡಲಿಲ್ಲಂದ್ರ ಸಂಜಿಕ ಚೀಲ ಎತ್ತು.”

ಲಾಡ್ಲೆಸಾಬ ಬಂದು ನನಗೆ ಚಾವಿ ತಿರುಗಿಸಲು ಹೇಳಿ ಕಿವಿಗೊಟ್ಟ, ಮೂಸಿದ. ಡೀಸೆಲ್ ಪೈಪನ್ನು ಬೆರಳಿನಿಂದ ತಟ್ಟಿದ. “ಪೈಪಿನ್ಯಾಗ ಕಸ ಸಿಕ್ಕದ್ರಿ ಗೌಡ್ರ. ಈ ಒಂದು ನಟ್ಟು ಬಿಚ್ಚಿ ಊದಿದ್ರ ಆತು.” ಧ್ವನಿಯಲ್ಲಿ ಎಂಥ ಉಲ್ಲಾಸ! ಓಡಿಹೋಗಿ ಹದಿನಾಲ್ಕರ ಪಾನಾ ತಂದು ಹಚ್ಚಿದ.

ಹೋಗಲಿಲ್ಲ. ಹದಿನೈದು ಹಚ್ಚಿದ. ಗರಗರ ತಿರುಗಿತು, ನಟ್ಟು ಹಿಡಿಯಲಿಲ್ಲ.

ಮತ್ತೆ ಹದಿನಾಲ್ಕು. ಮತ್ತೆ ಹದಿನೈದು. ಅವನ ಮುಖದಿಂದ ರಕ್ತ ಇಳಿದುಹೋದದ್ದು ನನಗೆ ಕಂಡಿತು.

“ಪೀರಪ್ಪಣ್ಣಾ, ಈ ಗಾಡಿ ಇಂಚಿಂದೇನು?” ಎಂದು ಪಿಸುಗುಟ್ಟಿದ.

“ಹಳೀ ಟ್ರ್ಯಾಕ್ಟರ್ ಎಲ್ಲಾ ಇಂಚಿಂದೇ ಅಲ್ಲೇನೋ ತಮ್ಮಾ?”

ಖಜೂರಿಯ ಲಾರಿಗಳೆಲ್ಲ ಎಂಎಂ ಲೆಕ್ಕದವು. ಇಂಚಿನ ಲೆಕ್ಕವೂ ಒಂದಿದೆ ಎಂಬುದು ಅವನಿಗೆ ಕೇಳಿ ಗೊತ್ತಿತ್ತೇ ಹೊರತು ಕೈಗೆ ಬಂದಿರಲಿಲ್ಲ. ಈ ನಟ್ಟು ಹದಿನಾಲ್ಕಕ್ಕಿಂತ ಕೂದಲೆಳೆ ದೊಡ್ಡದು, ಹದಿನೈದಕ್ಕಿಂತ ಸಣ್ಣದು. ಹೆಗಲು ಸುಲಿಸಿಕೊಂಡು ಹೊತ್ತುತಂದ ಚೀಲ ಲಾರಿಯ ಚೀಲ. ಊರು ಟ್ರ್ಯಾಕ್ಟರಿನ ಊರು.

“ಗಾಡಿ ಪೆಟಿಗ್ಯಾಗ ಪಾನಾ ಇರ್ತಾವಲ್ಲ?” ಎಂದ. ತೆಗೆದು ನೋಡಿದರೆ ಎಲೆ, ಅಡಿಕೆ, ಕೊಬ್ಬರಿ ಬಟ್ಟಲು! ಮದುಮಗನ ಅಜ್ಜಿ ಗುರುಬಾಯಿ ಮುನ್ನಾದಿನವೇ ಪಾನಾಗಳನ್ನು ವಾಡೆಯ ಕಟ್ಟೆಯ ಮೇಲೆ ಸುರಿದು ಪೆಟ್ಟಿಗೆ ತೊಳೆದು ತನ್ನ ಸಾಮಾನು ತುಂಬಿಸಿದ್ದಳು. “ಮತ್ತ ಎಲಿ ಎಲ್ಲಿಡಬೇಕಿತ್ತು, ನನ್ನ ತಲಿಮ್ಯಾಲ?” ಎಂದಳು. ಒಬ್ಬನನ್ನು ಸೈಕಲ್ ಮೇಲೆ ವಾಡೆಗೆ ಓಡಿಸಿದೆವು. ಅವನು ಬರುವಷ್ಟರಲ್ಲಿ ಅಕ್ಕಿಕಾಳೇನು, ಬೀಗರ ಊಟವೂ ಮುಗಿದಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಬಿಸಿಲು ಏರಿತು. ಎಂಥ ಬಿಸಿಲೆಂದರೆ ಕೋಳಿಗಳು ಬೇಯಿಸಿದ ತತ್ತಿಯನ್ನೇ ಇಡುತ್ತಿದ್ದವು. ಗೌಡರು ಗಡಿಯಾರ ನೋಡುವುದು, ಲಾಡ್ಲೆಸಾಬನನ್ನು ನೋಡುವುದು.

“ಛನ್ನಿ ಹಚ್ಚಿ ಹೊಡಿಯಲೇ!”

“ಬ್ಯಾಡ್ರಿ ಗೌಡ್ರ. ನಟ್ಟಿನ ಮೂಲಿ ಹೋದ್ರ ಇವತ್ತಲ್ಲ, ನಾಳೆನೂ ಗಾಡಿ ಹೋಗಲ್ಲ.”

“ಹಂಗಾರ ಏನ್ ಮಾಡ್ತಿ?”

ಲಾಡ್ಲೆಸಾಬ ನನ್ನ ಬೆಂಕಿಪೆಟ್ಟಿಗೆ ಕೇಳಿ ತೆಗೆದುಕೊಂಡ. ಹದಿನೈದರ ಪಾನಾ ಮತ್ತು ನಟ್ಟಿನ ನಡುವೆ ಬೆಂಕಿಪೆಟ್ಟಿಗೆಯ ರಟ್ಟು ತೂರಿಸಿ ನೋಡಿದ. ರಟ್ಟು ಹಿಟ್ಟಾಯಿತು. ನನ್ನ ತಂಬಾಕಿನ ಡಬ್ಬಿಯ ಮುಚ್ಚಳ ಕತ್ತರಿಸಿ ತೂರಿಸಿದ. ಹರಿದುಹೋಯಿತು. ಬೆವರು ಕಣ್ಣಿಗಿಳಿದು ಕುರುಡನ ಹಾಗೆ ತಡಕಾಡುತ್ತಿದ್ದ. ಗಟ್ಟಿ ಇರಬೇಕು, ತೆಳ್ಳಗಿರಬೇಕು, ಅಂಥದ್ದೇನಿದೆ ಎಂದು ಸುತ್ತಲಿನವರ ಕೈ, ಕಾಲು, ಸೊಂಟ ಎಲ್ಲ ನೋಡಿದ. ಕೊನೆಗೆ ಕಣ್ಣು ಬಸವಂತರಾಯನ ಕೈ ಮೇಲೆ ನಿಂತಿತು.

“ಆ ಚೂರಿ ಒಂದೀಟು ಕೊಡ್ರಿ.”

ಟ್ರ್ಯಾಲಿಯ ಹೆಂಗಸರೆಲ್ಲ ಒಟ್ಟಿಗೆ ಹೌಹಾರಿದರು. ಗುರುಬಾಯಿ ಎದ್ದು ನಿಂತಳು. “ಅಯ್ಯ ನನ ಶಿವನೆ! ಚೂರಿ ಕೈ ಬಿಟ್ರ ಹುಡುಗನ ಗತಿ ಏನು? ಹುಷಾರ್!”

“ಆಯಿ, ಮುಹೂರ್ತ ತಪ್ಪಿದ್ರ ಚೂರಿ ಹಿಡಕೊಂಡು ಏನ್ ಮಾಡ್ತಾನ, ಉಳ್ಳಾಗಡ್ಡಿ ಹೆಚ್ಚತಾನೇನು?” ಎಂದೆ ನಾನು. ಆಕೆ ನನ್ನನ್ನು ನೋಡಿದ ನೋಟಕ್ಕೆ ಎಂಜಿನ್ನೇ ಸ್ಟಾರ್ಟ್ ಆಗಬೇಕಿತ್ತು.

ಲಾಡ್ಲೆಸಾಬ ಕೈ ಮುಗಿದ. “ಕೈ ಬಿಡೋದು ಬ್ಯಾಡ್ರಿ ಆಯಿ. ಅವರೇ ಹಿಡಕೊಂಡು ಬರ್ಲಿ. ಮೊನಿ ಅಷ್ಟೇ ನನಗ ಬೇಕು.”

ಗುರುಬಾಯಿ ಮತ್ತೆ ಕುಳಿತಳು. ಆ ಮಾತಿಗೆ ಶಾಸ್ತ್ರದಲ್ಲಿ ಅಡ್ಡಿ ಸಿಗಲಿಲ್ಲ.

ಬಸವಂತರಾಯ ಇಳಿದ. ಬಾಸಿಂಗ ಎಂಜಿನ್ನಿಗೆ ತಾಗದ ಹಾಗೆ ಒಬ್ಬ ಹಿಂದಿನಿಂದ ತಲೆ ಹಿಡಿದ, ಇನ್ನೊಬ್ಬ ಜರಿ ಧೋತರ ಎತ್ತಿ ಹಿಡಿದ. ಲಿಂಬೆಹಣ್ಣನ್ನು ಹಿಡಿಕೆಯ ತನಕ ಸರಿಸಿದರು, ಮೊನೆ ಹೊರಬಂತು. ಲಾಡ್ಲೆಸಾಬ ಪಾನಾ ಹಚ್ಚಿದ. ಮದುಮಗ ಮೊನೆಯನ್ನು ಸಂದಿಗೆ ತೂರಿಸಿದ.

“ಇನ್ನೊಂದೀಟು. ಅಲುಗಬ್ಯಾಡ್ರಿ.”

“ಮುರದ್ರ?” ಎಂದ ಬಸವಂತರಾಯ.

“ಮುರದ್ರ ನಾನೇ ಖಜೂರಿಗೆ ನಡಕೋತ ಹೋಗ್ತೇನಿ. ಹಿಡೀರಿ.”

ಲಾಡ್ಲೆಸಾಬ ಪಾನಾದ ಮೇಲೆ ಭಾರ ಹಾಕಿದ. ಚೂರಿ ಬಾಗಿತು. ಕಿಚ್ ಎಂದಿತು. ಗುರುಬಾಯಿ ಕಣ್ಣು ಮುಚ್ಚಿದಳು. ನಟ್ಟು ತಿರುಗಿತು!

ಪೈಪು ಊದಿದ, ಜೋಳದ ಹೊಟ್ಟಿನಷ್ಟು ಕಸ ಬಂತು. ಮತ್ತೆ ಅದೇ ಚೂರಿ, ಅದೇ ಪಾನಾ, ನಟ್ಟು ಬಿಗಿ ಮಾಡಿದ. ಪೈಪಿನಲ್ಲಿ ಉಳಿದ ಗಾಳಿ ಹೊರಹಾಕಿದ. ನಾನು ಚಾವಿ ತಿರುಗಿಸಿದೆ. ಢರ್ ಎಂದಿತು.

ಎಲ್ಲರೂ ಕೂಗಿದರು, ಅವನೊಬ್ಬ ಕೂಗಲಿಲ್ಲ. “ಪೀರಪ್ಪಣ್ಣಾ, ಬಿಗಿ ಪೂರಾ ಕೂತಿಲ್ಲ. ನಾನೂ ಬರ್ತೇನಿ” ಎಂದು ಚೀಲವನ್ನು ಟ್ರ್ಯಾಲಿಗೆ ಎಸೆದು ನನ್ನ ಪಕ್ಕದ ಮಡ್‌ಗಾರ್ಡ್ ಮೇಲೆ ಕುಳಿತ. ದಾರಿಯುದ್ದಕ್ಕೂ ಕಣ್ಣು ನಟ್ಟಿನ ಮೇಲೆ. ಒಂದೊಂದು ತಗ್ಗು ಬಂದಾಗಲೂ, “ಹಗೂರ, ಹಗೂರ.” ಗೌಡರು ಹಿಂದಿನಿಂದ, “ಜೋರು, ಜೋರು.” ನಡುವೆ ಒಂದು ಹನಿ ಕಂಡು ಅವನ ಜೀವವೇ ಹಾರಿತು. ಮುಟ್ಟಿ ಮೂಸಿ ನೋಡಿದರೆ ಡೀಸೆಲ್ ಅಲ್ಲ, ಅವನ ಮೂಗಿನಿಂದಲೇ ಬಿದ್ದ ಬೆವರು.

ಹೆಣ್ಣಿನ ಊರು ಮುಟ್ಟಿದೆವು. ಕೊಂಕು ಮೊನೆಯ ಚೂರಿ ಹಿಡಿದೇ ಬಸವಂತರಾಯ ಹಂದರಕ್ಕೆ ಓಡಿದ. ಅಕ್ಕಿಕಾಳು ಬಿದ್ದವು.

ಊಟದ ಪಂಕ್ತಿ ಕುಳಿತಾಗ ಲಾಡ್ಲೆಸಾಬ ಕಾಣಲಿಲ್ಲ. ಗೌಡರು, “ಎಲ್ಲಿ ಅಂವ? ಓಡಿ ಹೋದನೇನು?” ಎಂದರು. ಅಷ್ಟರಲ್ಲಿ ಟ್ರ್ಯಾಕ್ಟರ್‌ಗಳು ನಿಂತ ಕಡೆಯಿಂದ, “ಕಳ್ಳ, ಕಳ್ಳ!” ಎಂಬ ಕೂಗು. ನಾವು ಎಂಜಲು ಕೈಯಲ್ಲೇ ಓಡಿದೆವು. ಲಾಡ್ಲೆಸಾಬ ಬೀಗರ ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿದ್ದ. ಎರಡು ಕಾಲು ಹಿಡಿದು ಇಬ್ಬರು ಎಳೆಯುತ್ತಿದ್ದರು.

“ಬೀಗರ ಗಾಡಿ ಬಿಚ್ಚಾಕತ್ತಿಯೇನಲೇ?” ಎಂದು ಗೌಡರು ಗುಡುಗಿದರು.

“ಬಿಚ್ಚಾಕತ್ತಿಲ್ರಿ. ನನ್ನ ಪಾನಾ ಯಾವ ಗಾಡಿಗೆ ಹತ್ತತಾವ, ಯಾವುದಕ್ಕ ಹತ್ತಂಗಿಲ್ಲ ನೋಡಾಕತ್ತೇನಿ. ಇಷ್ಟು ಗಾಡಿ ಒಂದೇ ಕಡೆ ಮತ್ತ ಯಾವಾಗ ಸಿಗ್ತಾವ? ಗೌಡ್ರ, ನನ್ನ ಚೀಲದಾಗ ಅರ್ಧಕ್ಕ ಅರ್ಧ ನಿಮ್ಮೂರಿಗೆ ಬ್ಯಾಡಾದ ಸಾಮಾನು ಅದ.” ಕೈಯಲ್ಲಿದ್ದ ಪಾನಾ ನೆಲಕ್ಕಿಟ್ಟ. “ಗಿಡ ನಂದು ಅಂದಿದ್ರಿ. ಖರೇ ಹೇಳಬೇಕಂದ್ರ, ಕುಂದ್ರಾಕ ನನಗ ಅಂಜಿಕಿ ಆಗ್ತದ.”

ಗೌಡರು ಕಾಲು ಹಿಡಿದವರನ್ನು ಸರಿಸಿದರು. ಗುರುಬಾಯಿ ಮುಂದೆ ಬಂದು, “ಮೊದಲ ಉಣ್ಣಾಕ ಕರೀರಿ, ಹಸಿದ ಹೊಟ್ಟಿಲಿಂದ ಅಂಜಿಕಿ ಇಮ್ಮಡಿ ಆಗ್ತದ” ಎಂದಳು.

ಗೌಡರು ಹೇಳಿದರು: “ಕುಂದ್ರು. ಆದ್ರ ಸರಿ ಪಾನಾ ಬರೋತನಕ ನನ್ನ ಗಾಡಿ ಮುಟ್ಟಬ್ಯಾಡ. ಮಗ ಒಬ್ಬನೇ ಇದ್ದಾನ, ಸಲಸಲಕ್ಕೂ ಲಗ್ನ ಮಾಡಾಕ ಆಗಲ್ಲ.”

ಜಾಕಿನ ಬದಲು ಇಂಚಿನ ಪಾನಾ ಕೇಳಲು ಅವನು ಮರುವಾರ ಖಜೂರಿಗೆ ಹೊರಟ. ಬುರಾನುದ್ದೀನ ಏನನ್ನುತ್ತಾನೋ ಎಂಬ ಭಯಕ್ಕೆ ನನ್ನನ್ನೂ ಜೊತೆಗೆ ಕರೆದ. ನಾವು ಅಂಗಡಿ ಮುಟ್ಟಿದಾಗ ಉಸ್ತಾದ ಒಂದು ಲಾರಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಚಹಾ...

“ಏನ್ರಿ, ಆ ಲಾರಿ ಇಳಿಸಿ ಒಳಗ ಬರ್ರಿ! ರೊಟ್ಟಿ ಆರಾಕತ್ತಾವ!”

ಕೇಳಿದೆಯಲ್ಲ, ನಮ್ಮಾಕೆ ನಿಂಬೆವ್ವ. ಬಂದೆ, ಬಂದೆ! ನೀನೂ ಏಳು, ಕೈ ತೊಳಕೋ.