ಚಪ್ಪಲಿ ಬಿಡುವ ಜಾಗ

ಬಾಗಿಲ ಮುಂದೆ ಎರಡು ಜೊತೆ ಚಪ್ಪಲಿ ಕಂಡರೆ ಸಾಕು, ಮೂರನೆಯ ಜೊತೆಯಾಗಿ ನನ್ನದು ತಾನಾಗಿ ಕಳಚಿಕೊಳ್ಳುತ್ತದೆ. ಒಳಗಿರುವುದು ದೇವರೋ, ದಂತವೈದ್ಯರೋ, ಆಗಷ್ಟೇ ನೆಲ ಒರೆಸಿದ ಜೆರಾಕ್ಸ್ ಅಂಗಡಿಯವನೋ ಎಂದು ವಿಚಾರಿಸುವ ವಿವೇಕ ತಲೆಗೆ ಬರುವ ಮೊದಲೇ ಪಾದಗಳು ತಮ್ಮ ಭಕ್ತಿಯನ್ನು ಪ್ರಕಟಿಸಿ ಮುಗಿಸಿರುತ್ತವೆ. ಪಾದರಕ್ಷೆ ಎಂಬ ಪದವನ್ನು ಕಟ್ಟಿದ ಪುಣ್ಯಾತ್ಮರು ಆ ರಕ್ಷೆಯನ್ನು ರಕ್ಷಿಸುವವರು ಯಾರೆಂದು ಹೇಳದೆ ಹೋದದ್ದರಿಂದ ನಾನು ಬರಿಗಾಲಲ್ಲಿ ಮನೆಗೆ ಬಂದ ಪ್ರಸಂಗಗಳೂ ಉಂಟು. ಕಳೆದದ್ದು ದೇವಸ್ಥಾನದ ಮುಂದೆ ಎಂದರೆ ಮನೆಯಲ್ಲಿ ಬೈಗುಳವಿಲ್ಲ. ಹಿಡಿದ ಶನಿ ಬಿಟ್ಟಿತು ಎಂದು ಎಲ್ಲರೂ ಸಮಾಧಾನಪಡುತ್ತಾರೆ. ದಂತವೈದ್ಯರ ಮುಂದೆ ಕಳೆದರೆ ಮಾತ್ರ ಅದು ನನ್ನ ದಡ್ಡತನ. ಈ ಸೂಕ್ಷ್ಮ ಭೇದವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಮೂಡಲಪಾಳ್ಯದಲ್ಲಿರುವ ನನ್ನ ಅಕ್ಕ, ಭಾವ ತೀರಿಕೊಂಡ ಮೇಲೆ ಯಾವ ಗುಡಿಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಭಾವ ಆಸ್ಪತ್ರೆಯಲ್ಲಿದ್ದಾಗ ಅವಳು ಹೊತ್ತ ಹರಕೆಗಳನ್ನು ದೇವರು ಕೇಳಿಸಿಕೊಳ್ಳಲಿಲ್ಲ, ಅಂದಿನಿಂದ ಅವಳೂ ದೇವರನ್ನು ಏನೂ ಕೇಳಲಿಲ್ಲ. ಅತ್ತು ಕರೆದು ಆಡುವ ಜಗಳವಲ್ಲ ಇದು. ಒಂದೇ ಬೀದಿಯಲ್ಲಿದ್ದುಕೊಂಡು ಮಾತು ಬಿಟ್ಟವರ ಮುನಿಸು. ಅದು ಅವರಿಬ್ಬರ ವಿಷಯ ಎಂದು ನಾನೂ ಸುಮ್ಮನಿದ್ದೆ. ಆದರೆ ಅವಳ ಮಗಳು ವಿದ್ಯಾಳ ಮದುವೆ ಗೊತ್ತಾಗಿ, ಗಂಡಿನ ಕಡೆಯವರು ಧಾರೆ ತಮ್ಮ ಮನೆದೇವರ ಸನ್ನಿಧಿಯಲ್ಲೇ ಆಗಬೇಕೆಂದರು. ಅಕ್ಕ, ಊಟಕ್ಕೆ ಬರುತ್ತೇನೆ, ಗುಡಿಗೆ ಬರುವುದಿಲ್ಲ ಎಂದುಬಿಟ್ಟಳು.

"ಧಾರೆ ನೀವೇ ಎರೀರಿ ಮಾಮ, ಅಮ್ಮ ಪಕ್ಕದಲ್ಲಿ ನಿಂತಿದ್ರೆ ಸಾಕು" ಎಂದು ವಿದ್ಯಾ ನನ್ನೆದುರು ಕಣ್ಣು ತುಂಬಿಕೊಂಡಳು. ಆಮೇಲೆ ಮೂಗೊರೆಸಿಕೊಂಡು, "ಒಂದಿನ ಎಲ್ಲಾದ್ರೂ ಸುತ್ತಾಡಿಸ್ಕೊಂಡ್ ಬನ್ನಿ ಅವಳನ್ನ, ದೇವಸ್ಥಾನ ಒಂದು ಬಿಟ್ಟು" ಎಂದಳು.

ದೇವಸ್ಥಾನ ಒಂದನ್ನು ಬಿಟ್ಟರೆ ನಮ್ಮ ವಯಸ್ಸಿನವರನ್ನು ಆದರದಿಂದ ಬರಮಾಡಿಕೊಳ್ಳುವ ಸ್ಥಳ ರಕ್ತಪರೀಕ್ಷೆಯ ಲ್ಯಾಬು ಮಾತ್ರ. ಆದ್ದರಿಂದ ಬಹಳ ಯೋಚಿಸಿ, ಕೆಂಗೇರಿಯಿಂದಾಚೆ ಸಿನಿಮಾ ಲೋಕವನ್ನೇ ತೋರಿಸುತ್ತೇವೆಂದು ಬೋರ್ಡು ಹಾಕಿಕೊಂಡಿರುವ ವಿನೋದವನಕ್ಕೆ ಅಕ್ಕನನ್ನು ಕರೆದೊಯ್ದೆ. ಮನುಷ್ಯರನ್ನು ತಲೆಕೆಳಗು ಮಾಡಿ ನಗಿಸುವ ಯಂತ್ರಗಳಿಗೆ ಬಿ.ಪಿ.ಯ ನೆಪ ಹೇಳಿ ದೂರದಿಂದಲೇ ಕೈಮುಗಿದು, ಚಿತ್ರೀಕರಣಕ್ಕೆಂದು ಕಟ್ಟಿದ ಬೀದಿಗೆ ಬಂದೆವು. ಅಲ್ಲಿ ಒಂದೇ ಕಟ್ಟಡ ಎದುರಿನಿಂದ ಆಸ್ಪತ್ರೆ, ಹಿಂದಿನಿಂದ ನ್ಯಾಯಾಲಯ. ಸತ್ತವನಿಗೆ ನ್ಯಾಯ ಸಿಗಲು ಗೋಡೆ ಸುತ್ತಿದರೆ ಸಾಕು. ಬೀದಿಯ ತುದಿಯಲ್ಲಿ ಗೋಪುರ ಸಮೇತ ಒಂದು ಗುಡಿ. ಕಂಬವನ್ನು ಬೆರಳಿನಿಂದ ತಟ್ಟಿದೆ, ಖಾಲಿ ಡಬ್ಬದ ಸದ್ದು ಬಂತು. ದೇವಸ್ಥಾನ ತಪ್ಪಿಸಿ ಬಂದು ದೇವಸ್ಥಾನದ ಎದುರೇ ನಿಂತಿದ್ದೇನಲ್ಲ ಎಂದು ಪೇಚಾಡುತ್ತಾ ತಿರುಗಿದರೆ, ಅಕ್ಕ ಚಪ್ಪಲಿ ಬಿಡುತ್ತಿದ್ದಳು.

"ಆಂಟಿ, ಇದು ಸೆಟ್ಟು, ಚಪ್ಪಲಿ ಹಾಕ್ಕೊಂಡೇ ಹೋಗಬಹುದು" ಎಂದ ಅಲ್ಲಿದ್ದ ಗೈಡು. "ಒಳಗೆ ದೇವರಿಲ್ಲ. ಕಥೆಗೆ ತಕ್ಕಂಗೆ ತರ್ತಾರೆ, ಶೂಟಿಂಗ್ ಮುಗಿದ್ಮೇಲೆ ತಗೊಂಡ್ ಹೋಗ್ತಾರೆ."

ಅಕ್ಕ ಎರಡನೆಯ ಚಪ್ಪಲಿಯನ್ನೂ ಕಳಚಿದಳು. "ವಾಸಿ ಕಣಪ್ಪ ನೀವು. ಇಲ್ಲ ಅನ್ನೋದನ್ನ ಬಾಗಿಲಲ್ಲೇ ಹೇಳ್ತೀರಿ" ಎಂದು ಬರಿಗಾಲಲ್ಲಿ ಒಳಗೆ ನಡೆದಳು.

ನಾನೂ ಚಪ್ಪಲಿ ಬಿಟ್ಟು ಹಿಂಬಾಲಿಸಿದೆ. ಗರ್ಭಗುಡಿಯಲ್ಲಿ ಬರಿಯ ಪೀಠ, ಅದರ ಮೇಲೆ ಯಾರೋ ಮರೆತ ಅಂಟುಟೇಪಿನ ಸುರುಳಿ. ಅಕ್ಕ ಕೈಮುಗಿಯಲಿಲ್ಲ. ಭಾವನ ಹೆಸರು ಹೇಳಿ, "ಅವರನ್ನ ಉಳಿಸ್ಕೊಡು ಅಂತ ಎಷ್ಟು ಕಡೆ ಕೇಳ್ಕೊಂಡೆ ಕಣೋ" ಎಂದಳು. ನನಗೆ ಹೇಳಿದ್ದೋ ಪೀಠಕ್ಕೋ ತಿಳಿಯಲಿಲ್ಲ. ಆಮೇಲೆ ಅಲ್ಲೇ ಕಂಬಕ್ಕೊರಗಿ ಕುಳಿತು ಸದ್ದಿಲ್ಲದೆ ಅತ್ತಳು. ಸಾವಿನ ದಿನವೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಮಾಡಲು ಬೇರೇನೂ ತೋಚದೆ ಟೇಪಿನ ಸುರುಳಿಯನ್ನು ಎತ್ತಿ ಪಕ್ಕಕ್ಕಿಟ್ಟೆ.

ಹೊರಗೆ ಬಂದರೆ ಬೇರೆಯದೇ ಲೋಕ. ನಮ್ಮ ಎರಡು ಜೊತೆ ಚಪ್ಪಲಿಗಳನ್ನು ಕಂಡು, ನನ್ನಂಥದೇ ಪಾದಗಳುಳ್ಳ ಜನರೆಲ್ಲ ತಂತಮ್ಮವನ್ನೂ ಸಾಲಾಗಿ ಬಿಟ್ಟಿದ್ದರು. ಮಗುವೊಂದನ್ನು ಎತ್ತಿಕೊಂಡಿದ್ದ ತಾಯಿ ಪ್ರದಕ್ಷಿಣೆ ಹಾಕುತ್ತಿದ್ದಳು. ಗೈಡು ಎಲ್ಲರಿಗೂ ಸೆಟ್ಟು, ಸೆಟ್ಟು ಎಂದು ಹೇಳಿ ಸೋತು, ಕಡೆಗೆ ತಾನೂ ಬೂಟು ಬಿಚ್ಚಿ ನಿಂತಿದ್ದ. ಆ ರಾಶಿಯಲ್ಲಿ ನನ್ನವು ಸಿಕ್ಕವು, ಅಕ್ಕನವು ಮಾತ್ರ ಇರಲಿಲ್ಲ.

ಗೈಡು ನಾಚಿಕೊಂಡು ಹುಡುಕತೊಡಗಿದ. ಅಕ್ಕ ತಡೆದಳು. "ಬಿಡಪ್ಪ, ದೇವಸ್ಥಾನದಲ್ಲಿ ಚಪ್ಪಲಿ ಹೋದ್ರೆ ಒಳ್ಳೇದು."

ಸೆಟ್ಟು ಅಕ್ಕ, ಎಂದು ತಿದ್ದಲು ಬಾಯಿ ತೆರೆದವನು ಪುಣ್ಯಕ್ಕೆ ಮುಚ್ಚಿಕೊಂಡೆ. ನನ್ನ ಚಪ್ಪಲಿ ಕೊಟ್ಟರೆ ಅವಳು ಒಪ್ಪಲಿಲ್ಲ. ಮೆಟ್ರೋದಲ್ಲಿ ಬರಿಗಾಲಲ್ಲೇ ಕುಳಿತು ಕಿಟಕಿಯಾಚೆ ನೋಡುತ್ತಾ ಬಂದಳು. ವಿಜಯನಗರದಲ್ಲಿ ಇಳಿದು ಅವಳೇ ಸೀದಾ ಚಪ್ಪಲಿ ಅಂಗಡಿಗೆ ಹೊರಟಳು. ಅಂಗಡಿಯ ಬಾಗಿಲಲ್ಲಿ ಯಾರವೋ ಎರಡು ಜೊತೆಗಳಿದ್ದವು. ಚಪ್ಪಲಿ ಕೊಳ್ಳುವ ಅಂಗಡಿಯ ಮುಂದೂ ನಾನು ಚಪ್ಪಲಿ ಬಿಟ್ಟೆನೆಂದು ಬೇರೆ ಹೇಳಬೇಕಾಗಿಲ್ಲ. ಅಕ್ಕ ಆರಿಸಿದ್ದು ಸಾದಾ ಜೊತೆ. ಮದುವೆಮನೆಗೆ ಸ್ವಲ್ಪ ಚೆನ್ನಾಗಿರೋದು ತಗೋ ಅಂದೆ.

"ಇದು ಸಾಕು ಕಣೋ" ಎಂದಳು. "ಹೆಂಗೂ ಬೀಗರ ದೇವಸ್ಥಾನದ ಹೊರಗೆ ಬಿಡೋದು ತಾನೆ."