ಟಾಕೀಸಿನಲ್ಲಿ ಯಾರೂ ವಾಸವಿಲ್ಲವಂತೆ!

ಚಿಕ್ಕಮಗಳೂರಿನಲ್ಲಿ ಯಾರಾದರೂ ನಿಮ್ಮ ಮನೆಗೆ ಕಾಫಿಪುಡಿ ಉಡುಗೊರೆ ತಂದರೆ ಅನುಮಾನ ಪಡಿ. ಈ ಊರಲ್ಲಿ ಯಾರ ಮನೆಯಲ್ಲಿ ಕಾಫಿಪುಡಿಗೆ ಬರ ಬಂದಿದೆ ಸ್ವಾಮಿ?

ಮೊನ್ನೆ ಮಂಗಳವಾರ ಒಬ್ಬರು ಒಂದು ಕೆ.ಜಿ. ತಂದರು. ಮುಚ್ಚಿಹೋದ ಹಳೇ ಟಾಕೀಸನ್ನು ಕಳೆದ ವರ್ಷ ಕೊಂಡವರು. 'ನಮ್ಮ ಬಿಲ್ಡಿಂಗ್ ಹಿಸ್ಟರಿ ನಿಮ್ಮ ಕಾಲಮ್ಮಲ್ಲಿ ಬರ್ಬೇಕು ಸಾರ್. ನಿಮ್ಮಷ್ಟು ಚೆನ್ನಾಗಿ ಯಾರು ಬರೀತಾರೆ?' ಅಂದರು. (ಉಬ್ಬಿದೆ. ಸುಳ್ಳೇಕೆ ಹೇಳಲಿ?) ಹೋಗುವಾಗ 'ಪಾಯಿಂಟ್ಸ್' ಅಂತ ಟೈಪ್ ಮಾಡಿದ ಒಂದು ಹಾಳೆಯನ್ನೂ ಕೊಟ್ಟರು.

ಹಾಳೆಯಲ್ಲಿ ಎಲ್ಲ ಇತ್ತು. ಮಂಗಳೂರು ಹೆಂಚು, ಬೀಟೆ ಮರದ ಬಾಲ್ಕನಿ, ಹೆಂಗಸರಿಗೆ ಬೇರೆ ಗೇಟು. ಕೊನೆಯ ಪಾಯಿಂಟು: 'ಟಾಕೀಸ್ ಮುಚ್ಚಿದಂದಿನಿಂದ ಕಟ್ಟಡ ಪೂರ್ತಿ ಖಾಲಿ. ಯಾರೂ ವಾಸವಿಲ್ಲ.' ಅದರ ಕೆಳಗೆ ಗೆರೆ ಬೇರೆ ಎಳೆದಿತ್ತು.

ಹಿಸ್ಟರಿಯಲ್ಲಿ ಗೆರೆ ಎಳೆಯಬೇಕಾದ್ದು ಬಾಲ್ಕನಿಗೋ, ಖಾಲಿಗೋ? ಎಲ್ಲೋ ಏನೋ ಕಿತಾಪತಿ ಇದೆ ಅನಿಸಿತು. ಸ್ಕೂಟರ್ ಹತ್ತಿದೆ.

ಟಾಕೀಸಿನ ರಸ್ತೆ ಬದಿಯ ರೂಮಿನ ಬಾಗಿಲು ತೆರೆದಿತ್ತು. ಒಳಗೆ ಅನ್ನ ಬೇಯುತ್ತಿತ್ತು! ಒಂದು ಕಾಲದಲ್ಲಿ ಹೆಂಗಸರ ಗೇಟಲ್ಲಿ ಟಿಕೆಟ್ ಹರಿಯುತ್ತಿದ್ದ ರುದ್ರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

'ನಿಮ್ಮನ್ನ ಕಳ್ಸಿದ್ಯಾರು?'

'ಯಾರೂ ಇಲ್ಲ. ಟಾಕೀಸಿನ ಬಗ್ಗೆ ಬರೀಬೇಕಿತ್ತು.'

'ಮೊನ್ನೆ ಒಬ್ರು ಹಿಂಗೇ ಬಂದು ಹೆಬ್ಬೆಟ್ಟು ಒತ್ತಿ ಅಂದ್ರು ಮಾರಾಯ್ರೆ. ನಂಗೆ ಓದಕ್ಕೆ ಬರ್ತದೆ. ಅದ್ಕೇ ಒತ್ಲಿಲ್ಲ.'

ಈ ರೂಮು ನಿಮಗೆ ಹೇಗೆ ಬಂತು ಅಂದೆ. 'ಸಂತೆ ದಿನ ವಸ್ತಾರೆ ಕಡೆ ಎಸ್ಟೇಟ್ ಲಾರಿ ಬರೋವರ್ಗೂ ಪಿಕ್ಚರ್ ಶುರು ಮಾಡ್ತಿರ್ಲಿಲ್ಲ. ಲಾರಿ ತುಂಬ ಆಳುಗಳು ಬರೋವ್ರಲ್ವ? ಲಾರಿ ಕಂಡ್ಮೇಲೇ ನಾನು ಬೆಲ್ ಹೊಡೀಬೇಕು. ರಸ್ತೆ ಕಾಣೋ ರೂಮು ಇದೊಂದೇ. ಬದ್ಕಿರೋವರ್ಗೂ ಇಲ್ಲೇ ಇರು ಅಂದಿದ್ರು ಹಳೇ ಯಜಮಾನ್ರು.'

'ಬರೆದು ಕೊಟ್ಟಿದ್ದಾರಾ?'

'ಯಜಮಾನ್ರ ಹತ್ರ ಕಾಗ್ದ ಕೇಳೋಕಾಗ್ತದಾ?'

ಇದೇ ನಮ್ಮ ಎಸ್ಟೇಟ್ ಸೀಮೆಯವರು ಮಾಡುವ ತಪ್ಪು. ಮಾತು ಕೊಟ್ಟ ಯಜಮಾನರು ತೀರಿಕೊಂಡಿದ್ದಾರೆ. ಕಾಗದ ಇಲ್ಲ. ರುದ್ರಮ್ಮ ಅಕ್ಕಿ ಡಬ್ಬದ ಕೆಳಗಿನಿಂದ ಒಂದು ನೋಟಿಸ್ ತೆಗೆದು ತೋರಿಸಿದರು. ಈ ಕಟ್ಟಡದಲ್ಲಿ ಅವರು ವಾಸವೇ ಇಲ್ಲ ಅಂತ ಕಾಫಿಪುಡಿಯವರು ಹಾಕಿದ ಕೇಸು. ಸೋಮವಾರ ಕೋರ್ಟು.

ಆಗ ಹೊಳೆಯಿತು. ನನ್ನ ಪೆನ್ನಿನಿಂದಲೇ ಈ ಹೆಂಗಸಿನ ಪಾತ್ರೆಪಡಗ ಬೀದಿಗೆ ಹಾಕಿಸುವ ಪ್ಲಾನು! 'ಪೇಪರಿನಲ್ಲೇ ಬಂದಿದೆಯಲ್ಲ, ಯಾರೂ ಇಲ್ಲ ಅಂತ' ಎಂದು ಕೋರ್ಟಿಗೆ ತೋರಿಸಬಹುದಲ್ಲ! ಮೈ ಉರಿಯಿತು. ಉಬ್ಬಿದ್ದಕ್ಕೆ ನಾಚಿಕೆಯೂ ಆಯಿತು.

ಅಲ್ಲಿಂದಲೇ ಫೋನ್ ಮಾಡಿದೆ. 'ಆ ಕೊನೇ ಪಾಯಿಂಟು ಯಾಕೆ ಸಾರ್?'

'ಅಯ್ಯೋ, ಸುಮ್ನೆ ಒಂದು ಫ್ಲೋಗೆ.'

ಫ್ಲೋ ಅಂತೆ, ಫ್ಲೋ!

ಸರಿ, ಹಿಸ್ಟರಿ ಬರೆಯುತ್ತಿದ್ದೇನೆ. ಟಾಕೀಸ್ ಮುಚ್ಚಿದೆ. ಕಟ್ಟಡ ಖಾಲಿ ಇಲ್ಲ. ರುದ್ರಮ್ಮ ಅಲ್ಲೇ ಇದ್ದಾರೆ, ಅವತ್ತು ಅವರ ಅನ್ನ-ಸಾರು ಉಂಡು ಬಂದಿದ್ದೇನೆ. ನಂಬಿಕೆ ಇಲ್ಲದವರು ಹೋಗಿ ನೋಡಬಹುದು.

ಇವತ್ತು ಭಾನುವಾರ. ರುದ್ರಮ್ಮ, ನಾಳೆ ಕೋರ್ಟಿಗೆ ಹೋಗುವಾಗ ಈ ಪೇಪರ್ ತಗೊಂಡು ಹೋಗಿ.