ಕೌಸಲ್ಯಾಬಾಯಿಯ ಫೋನಿನಲ್ಲಿ ಉಳಿಯದ ಜಗಳ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಔರಾದ್–ಕಮಲನಗರ ರಸ್ತೆಯ ಬದಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯ ಕೌಸಲ್ಯಾಬಾಯಿ ಅಕ್ಕಿ ಅಳೆಯುತ್ತಿದ್ದಾರೆ. ಅರವತ್ತಮೂರು ಮಕ್ಕಳ ಪಾಲು ಅಳೆದವರು ಕೈ ತಡೆದು, ಇನ್ನೊಂದು ಹಿಡಿ ಹಾಕುತ್ತಾರೆ. ಅದು ಮನಿಷಾಳದು. ಏಳನೇ ತರಗತಿಯ ಆ ಹುಡುಗಿ ಐದು ದಿನದಿಂದ ಶಾಲೆಯ ಕಡೆ ಮುಖ ಹಾಕಿಲ್ಲ.

ತನ್ನ ಕಂಪಾಸ್ ಪೆಟ್ಟಿಗೆ ಕಾಣದಾದಾಗ ಗೆಳತಿ ಈಶ್ವರಿ ಎಲ್ಲರೆದುರು ಅವಳನ್ನು ಕಳ್ಳಿ ಎಂದುಬಿಟ್ಟಿದ್ದಳು. ಪೆಟ್ಟಿಗೆ ಈಶ್ವರಿಯ ಮನೆಯಲ್ಲೇ ಸಿಕ್ಕಿತು. ಆಡಿದ ಮಾತು ಮಾತ್ರ ಹಾಗೇ ಉಳಿಯಿತು. ಮನಿಷಾಳ ಅಪ್ಪ ನರಸಿಂಗ ಇಂದು ಟಿ.ಸಿ. ತೆಗೆಸಿ, ಮಗಳನ್ನು ಓದಲು ಭಾಲ್ಕಿಯ ಸೋದರತ್ತೆಯ ಮನೆಗೆ ಕಳಿಸಲಿದ್ದಾರೆ.

ಇಂಥ ಮುನಿಸಿಗೆ ಕೌಸಲ್ಯಾಬಾಯಿಯ ಬಳಿ ಒಂದು ಪದ್ಧತಿಯಿದೆ. ಬೀದರಿನ ನೌಬಾದದಲ್ಲಿರುವ ಮಗಳು ಕೊಟ್ಟ ಹಳೆಯ ಮೊಬೈಲಿನಲ್ಲಿ ಜಗಳವಾಡಿದ ಇಬ್ಬರೂ ಬೇರೆಬೇರೆಯಾಗಿ ತಮ್ಮ ಮಾತು ರೆಕಾರ್ಡ್ ಮಾಡಿ ತುಂಬಬೇಕು. ಒಬ್ಬರದನ್ನು ಇನ್ನೊಬ್ಬರು ಪೂರ್ತಿ ಕೇಳಿ, ತಿರುಗಿ ಹೇಳಬೇಕು. ‘ಹೌದು, ಇದೇ ಹೇಳಿದ್ದೆ’ ಎನ್ನಿಸಿಕೊಂಡ ಮೇಲೆ ರಾಜಿಯ ದಾರಿಯನ್ನು ಮಕ್ಕಳೇ ಹುಡುಕುತ್ತಾರೆ.

“ಎದುರಾಎದುರ ನಿಂತ್ರ ಬರೀ ಬೈತಾವ್ರಿ. ಕಿವಿಗಿ ಫೋನ್ ಹಚ್ಚಿದ್ರ ನಡುವ ಬಾಯಿ ಹಾಕಾಕ ಬರಲ್ಲ ನೋಡ್ರಿ,” ಎನ್ನುತ್ತಾರೆ ಅವರು.

ಹೋದ ವರ್ಷ ಅವರ ಬೆರಳು ತಪ್ಪಿ, ಇಬ್ಬರು ಹುಡುಗರ ಮಾತು ಪಾಲಕರ ವಾಟ್ಸಾಪ್ ಗುಂಪಿಗೆ ಹೋಗಿ ಊರೆಲ್ಲ ಕೇಳಿತು. ಅಂದು ಮನೆಮನೆ ತಿರುಗಿ ತಪ್ಪೊಪ್ಪಿಕೊಂಡರು. ಅಂದಿನಿಂದ ಯಾರ ಮಾತನ್ನೂ ಫೋನಿನಿಂದ ಕಳಿಸುವುದಿಲ್ಲ. ತಾವೇ ಹೊತ್ತು ನಡೆಯುತ್ತಾರೆ.

“ಬಾಯಾರ, ಫೋನಿದ್ದೂ ಟಪಾಲಿನವರಂಗ ತಿರಗ್ತೀರಿ,” ಎಂದು ಛೇಡಿಸುತ್ತಾರೆ ಮುಖ್ಯಗುರು ಶಿವರಾಜಪ್ಪ.

“ನನ್ನ ಬೆರಳಿಗಿಂತ ಕಾಲಿನ ಮ್ಯಾಲೇ ಭರವಸಾ ಅದ ಸರ್.”

ನಿನ್ನೆ ಮನಿಷಾಳ ಮನೆಗೆ ಹೋಗಿ ಈಶ್ವರಿಯ ಮಾತು ಕೇಳಿಸಿ, ಅವಳ ಮಾತನ್ನೂ ತುಂಬಿಸಿಕೊಂಡು ಬಂದಿದ್ದಾರೆ. ಅದನ್ನು, ಗಂಟೆಗೆ ಮೊದಲೇ ಬಂದ ಈಶ್ವರಿ ಈಗ ಅಡುಗೆಕೋಣೆಯ ಕಟ್ಟೆಯ ಮೇಲೆ ಕೂತು ಕೇಳುತ್ತಾಳೆ.

“ಸಾರಿ ಅನ್ಬೇಕಂತ.”

“ಅಷ್ಟೇ ಅಂದಾಳೇನವ್ವ? ಮತ್ತೊಮ್ಮೆ ಕೇಳು.”

ಮೂರನೇ ಸಲಕ್ಕೆ ಈಶ್ವರಿಯ ದನಿ ಇಳಿಯುತ್ತದೆ. “ಎಲ್ಲಾರ ಎದುರು ಕಳ್ಳಿ ಅಂದೀನಿ. ಎಲ್ಲಾರ ಎದುರೇ ‘ಕಳ್ಳಿ ಅಲ್ಲ’ ಅನ್ಬೇಕಂತ.”

ಪ್ರಾರ್ಥನೆಯ ಗಂಟೆಗೆ ಸರಿಯಾಗಿ ನರಸಿಂಗ ಮಗಳೊಂದಿಗೆ ಗೇಟಿನ ಬಳಿ ನಿಲ್ಲುತ್ತಾರೆ. ಈಶ್ವರಿ ಸಾಲು ಬಿಟ್ಟು ಮುಂದೆ ಬಂದು ಹೇಳುತ್ತಾಳೆ: “ಮನಿಷಾ ಕದ್ದಿಲ್ಲ. ಡಬ್ಬಿ ನಮ್ಮ ಮನ್ಯಾಗೇ ಇತ್ತು. ತಪ್ಪು ನಂದು.”

“ಹೌದು, ಇದೇ ಹೇಳಿದ್ದೆ,” ಎಂದು ಮನಿಷಾ ಅಪ್ಪನ ಕೈ ಬಿಡಿಸಿಕೊಂಡು ಒಳಗೆ ಬರುತ್ತಾಳೆ. ನರಸಿಂಗ ಟಿ.ಸಿ.ಯ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿ, ಅಡುಗೆಕೋಣೆಯತ್ತ ಕೈಮುಗಿಯುತ್ತಾರೆ.

“ನಾವು ಹಾಜರಿ ಕರೀತೇವಿ, ಅಷ್ಟೇರಿ,” ಎನ್ನುತ್ತಾರೆ ಶಿವರಾಜಪ್ಪ. “ಮಕ್ಕಳ್ನ ಹಾಜರ್ ಮಾಡಾಕಿ ಬಾಯಾರು.”

ಊಟದ ಹೊತ್ತಿಗೆ ಗೆಳತಿಯರಿಬ್ಬರೂ ಫೋನು ಹಿಡಿದು, ತಮ್ಮ ತಮ್ಮ ಮಾತನ್ನು ತಾವೇ ಅಳಿಸುತ್ತಾರೆ. ಕೌಸಲ್ಯಾಬಾಯಿ ಕೈ ಒರೆಸಿಕೊಂಡು ಪರದೆಯನ್ನೊಮ್ಮೆ ನೋಡುತ್ತಾರೆ.

“ಖಾಲಿ ಅದರಿ. ಸಾಲಿ ಬಿಡೂದ್ರಾಗ ದಿನಾ ಹಿಂಗೇ ಖಾಲಿ ಆದ್ರ ನನಗಷ್ಟೇ ಸಾಕು.”